ಆಂಟೆನಾ ನಿಲ್ಲಬೇಕೋ, ಮಲಗಬೇಕೋ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಗೆ ರೇಡಿಯೊ ಮೂಲಕ ಇಂಟರ್ನೆಟ್ ತರಬೇಕೆಂದರೆ ಮೊದಲು ಅಡ್ಡ ಬರುವುದು ತೆಂಗಿನ ಮರವೇ. ‘ತಿಪಟೂರು ಟಾಲ್’ ಎಂದು ಊರ ಹೆಸರನ್ನೇ ಹೊತ್ತ ಎತ್ತರದ ತಳಿ 20 ಮೀಟರ್ ದಾಟಿ ಬೆಳೆಯುತ್ತದೆ. ಆದ್ದರಿಂದ ಸಿಗ್ನಲ್ ಸೊರಗಿದೆ ಎಂದರೆ ಸಿಗುವ ಸಲಹೆ ಎರಡೇ: ಕಂಬ ಎತ್ತರಿಸಿ, ಇಲ್ಲವೇ ದೊಡ್ಡ ಡಿಶ್ ಹಾಕಿ. ಎತ್ತರದ ಮಾತು ಸುಳ್ಳಲ್ಲ. 5.8 ಗಿಗಾಹರ್ಟ್ಸ್‌ನ ರೇಡಿಯೊ 5 ಕಿಲೋಮೀಟರ್ ಆಚೆಗೆ ಮಾತಾಡಬೇಕಾದರೆ ನಡುದಾರಿಯಲ್ಲಿ ಅಲೆಗೆ ಸುಮಾರು 8 ಮೀಟರ್ ತ್ರಿಜ್ಯದ ಜಾಗ ಬೇಕು, ಅದರಲ್ಲಿ ಐದರಲ್ಲಿ ಮೂರು ಪಾಲಾದರೂ ಖಾಲಿ ಇರಬೇಕು. ಗರಿಗಳ ತುದಿಯ ಮೇಲಿಂದ ಆಚೆಯ ಕಂಬ ಕಣ್ಣಿಗೆ ಕಂಡರೆ ಸಾಲದು ಎಂದಾಯಿತು. ಆದರೆ ಕಂಬ ತೋಟದ ನೆತ್ತಿ ದಾಟಿದ ಗಳಿಗೆಯಿಂದ ಇನ್ನೊಂದು ತೊಂದರೆ ಶುರುವಾಗುತ್ತದೆ. ಈಗ ನಮ್ಮ ಆಂಟೆನಾಕ್ಕೆ ನಮಗೆ ಬೇಕಾದ ಟವರಿನ ಜೊತೆಗೆ ಸುತ್ತಲ ಊರುಗಳ ರೇಡಿಯೊಗಳೂ ಕೇಳತೊಡಗುತ್ತವೆ. ಅಕ್ಟೋಬರ್ 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಪಟ್ಟಿಯ ಬಹುಪಾಲನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟ ಮೇಲಂತೂ ಯಾರು ಬೇಕಾದರೂ ಅದೇ ಕಂಪನಾಂಕದಲ್ಲಿ ಮಾತಾಡಬಹುದು. ಅಡ್ಡ ನಿಂತಿದ್ದ ತೋಟವೇ ಅದುವರೆಗೆ ಈ ಗದ್ದಲಕ್ಕೆ ಬೇಲಿಯಾಗಿತ್ತು; ಕಾಸು ಕೊಟ್ಟು ಆ ಬೇಲಿ ದಾಟಿದ್ದೇವೆ. ಇಲ್ಲಿ ನೆರವಿಗೆ ಬರುವುದು ಕಾಸಿಲ್ಲದ ಒಂದು ಉಪಾಯ, ಆಂಟೆನಾ ಹಿಡಿದ ಓರೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ರೇಡಿಯೊ ಅಲೆ ಮುಂದಕ್ಕೆ ಸಾಗುವಾಗ ಅದರೊಳಗಿನ ವಿದ್ಯುತ್ ಕ್ಷೇತ್ರ ಸಾಗುವ ದಿಕ್ಕಿಗೆ ಅಡ್ಡಲಾಗಿ ತೂಗುತ್ತದೆ. ಅದು ಮೇಲೆ ಕೆಳಗೆ ತೂಗಿದರೆ ಲಂಬ ಧ್ರುವೀಕರಣ, ನೆಲಕ್ಕೆ ಸಮನಾಗಿ ತೂಗಿದರೆ ಅಡ್ಡ ಧ್ರುವೀಕರಣ. ನಿಲ್ಲಿಸಿದ ಕಡ್ಡಿ ಮೊದಲ ಬಗೆಯ ಅಲೆಯನ್ನು ಹೊರಡಿಸುತ್ತದೆ, ಮಲಗಿಸಿದ ಕಡ್ಡಿ ಎರಡನೆಯದನ್ನು. ಒಂದರ ಅಲೆಯನ್ನು ಇನ್ನೊಂದು ಸರಿಯಾಗಿ ಹಿಡಿಯಲಾರದು. ಇದು ಹೊಸ ಸಂಗತಿಯೇನಲ್ಲ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ತವರದ ತೆಳು ತಗಡು ಸೇರಿಸಿ, ಒಂದು ಓರೆಯ ಅಲೆಯನ್ನು ಬಿಟ್ಟು ಇನ್ನೊಂದನ್ನು ತಡೆಯುವ ಜರಡಿ ಮಾಡಿಕೊಂಡಿದ್ದರು; ಹೊಸೆದ ಸೆಣಬಿನ ಕಟ್ಟಿನಿಂದ ಅಲೆಯ ಓರೆಯನ್ನೇ ತಿರುಗಿಸಿ ತೋರಿಸಿದ್ದರು. (ತೆಂಗಿನ ನಾರಿನ ಹುರಿ ಅವರ ಕೈಗೆ ಸಿಕ್ಕಿದ್ದರೆ ಅದನ್ನೂ ಪರೀಕ್ಷಿಸದೆ ಬಿಡುತ್ತಿರಲಿಲ್ಲ.) ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ದೂರದರ್ಶನದ ಕಾಲದಲ್ಲಿ ಹೆಂಚಿನ ಮೇಲೆ ಮೀನಿನ ಮುಳ್ಳಿನಂತಿದ್ದ ಆಂಟೆನಾದ ಕಡ್ಡಿಗಳು ಮಲಗಿರುತ್ತಿದ್ದುದು ಪ್ರಸಾರದ ಅಲೆ ಅಡ್ಡ ಧ್ರುವೀಕರಣದ್ದಾಗಿದ್ದರಿಂದ. ಇಂದಿನ ಡಿಟಿಎಚ್ ಡಿಶ್‌ನ ಮೂತಿಗೆ ಸೆಟ್‌ಟಾಪ್ ಬಾಕ್ಸ್ 13 ವೋಲ್ಟ್ ಕಳಿಸಿದರೆ ಅದು ಲಂಬ ಅಲೆಯನ್ನು ಆರಿಸಿಕೊಳ್ಳುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡ ಅಲೆಯನ್ನು. ಒಂದೇ ಕಂಪನಾಂಕದ ಮೇಲೆ ಎರಡು ಕಂತೆ ಚಾನೆಲ್ ಸವಾರಿ ಮಾಡುವುದು ಈ ಉಪಾಯದಿಂದಲೇ.

ಲೆಕ್ಕದ ಪ್ರಕಾರ ಎರಡು ಆಂಟೆನಾಗಳ ಓರೆ ನಿಖರವಾಗಿ 90 ಡಿಗ್ರಿ ಬೇರೆಯಾದರೆ ಒಂದಕ್ಕೊಂದು ಕೇಳಲೇಬಾರದು. ವಾಸ್ತವದಲ್ಲಿ ಒಳ್ಳೆಯ ಡಿಶ್‌ಗಳ ನಡುವೆ 20ರಿಂದ 30 ಡೆಸಿಬೆಲ್ ಅಂತರ ಸಿಗುತ್ತದೆ. ಅಂದರೆ ಪಕ್ಕದವರ ಗದ್ದಲ ನೂರನೇ ಒಂದರಿಂದ ಸಾವಿರನೇ ಒಂದು ಪಾಲಿಗೆ ಇಳಿಯುತ್ತದೆ. ಇದೇ ಲಾಭವನ್ನು ನಮ್ಮ ಶಕ್ತಿ ಹೆಚ್ಚಿಸಿ ಪಡೆಯಹೊರಟರೆ ನೂರು ಪಟ್ಟು ಶಕ್ತಿ ಬೇಕು, ಕಾನೂನು ಅದಕ್ಕೆ ಬಿಡುವುದಿಲ್ಲ. ಬಿಟ್ಟರೂ ಪಕ್ಕದವರು ಸುಮ್ಮನಿರುವುದಿಲ್ಲ. ಆದರೆ ಈ ಅಂತರ ಬಹಳ ನಾಜೂಕಿನದು. ಕಂಬ ಗಾಳಿಗೆ ಬರೀ 6 ಡಿಗ್ರಿ ವಾಲಿದರೂ ನೂರರಲ್ಲಿ ಒಂದು ಪಾಲು ಸೋರುತ್ತದೆ, ಅಲ್ಲಿಗೆ 20 ಡೆಸಿಬೆಲ್‌ಗಿಂತ ಹೆಚ್ಚಿನ ಆಸೆ ಮುಗಿಯಿತು. 45 ಡಿಗ್ರಿ ವಾಲಿದರೆ ಎರಡು ಬಗೆಯ ಅಲೆಯೂ ಅರ್ಧರ್ಧ ಒಳಗೆ ಬರುತ್ತವೆ. ಹಾಗಾಗಿ ಕಂಬಕ್ಕೆ ಬಿಗಿದ ಎಳೆತಂತಿ ಮತ್ತು ಗಾರೆಯವರ ತೂಗುಗುಂಡು ಇಲ್ಲಿ ಯಾವ ದುಬಾರಿ ಸಾಮಾನಿಗೂ ಕಡಿಮೆಯಲ್ಲ.

ಇಷ್ಟೇ ಆಗಿದ್ದರೆ ತೆಂಗಿನ ಸೀಮೆಗೆ ಬೇರೆ ಮಾತು ಬೇಕಿರಲಿಲ್ಲ. ಮರದ ಆಕಾರವೇ ಇಲ್ಲಿ ಒಂದು ವಿಶೇಷ ಸಂಗತಿ. ತೆಂಗಿಗೆ ಕವಲಿಲ್ಲ, ನೆತ್ತಿಯಲ್ಲಿ ಗರಿಗಳ ಕೊಡೆ, ಅದರ ಕೆಳಗೆ ನೀರು ತುಂಬಿದ ನೆಟ್ಟನೆಯ ಕಾಂಡ. ಸುಮಾರು 30 ಅಡಿಗೊಂದರಂತೆ ಸಾಲು ನಿಂತ ಈ ಕಾಂಡಗಳು ಬೋಸರ ತಗಡಿನ ಜರಡಿಯ ದೂರದ ನೆಂಟರು. ಲಂಬ ಅಲೆಯ ಕ್ಷೇತ್ರ ಕಾಂಡದ ಉದ್ದಕ್ಕೇ ತೂಗುವುದರಿಂದ ಅದರೊಳಗೆ ವಿದ್ಯುತ್ತನ್ನು ಹರಿಸುತ್ತದೆ, ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ, ಉಳಿದದ್ದನ್ನು ಸುತ್ತ ಚೆಲ್ಲುತ್ತದೆ. ಅಡ್ಡ ಅಲೆಗೆ ಈ ಕಾಟ ಕಡಿಮೆ. ಸುಮಾರು 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಮರಗಳ ನಡುವೆ ಲಂಬ ಅಲೆಯೇ ಹೆಚ್ಚು ಸೊರಗುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೂ ಹೇಳುತ್ತದೆ. ಆದ್ದರಿಂದ ಮಣ್ಣಿನ ತೇವ ತಿಳಿಸುವ ಸಾಧನದ ಸುದ್ದಿಯನ್ನು 865 ಮೆಗಾಹರ್ಟ್ಸ್‌ನಲ್ಲಿ ತೋಟದ ಆ ತುದಿಯಿಂದ ಈ ತುದಿಗೆ ನೇರ ಕಳಿಸುವವರು ಎರಡೂ ಕಡೆ ಆಂಟೆನಾ ಮಲಗಿಸಿ ನೋಡುವುದು ಜಾಣತನ. ಲಂಬವಾಗಿ ನಿಂತ ಪಕ್ಕದ ತೋಟದ ಸಾಧನಗಳ ಅಡಚಣೆಯೂ ಅದರಿಂದ ತಗ್ಗುತ್ತದೆ. ಆದರೆ ಮನೆಯ ಕಂಬವೊಂದು ಸುತ್ತ ಎಂಟು ದಿಕ್ಕಿನ ಸಾಧನಗಳಿಗೆ ಕಿವಿಗೊಡಬೇಕಾದಲ್ಲಿ ಈ ಸಲಹೆ ನಡೆಯದು. ನಿಂತ ಕಡ್ಡಿ ಎಲ್ಲ ದಿಕ್ಕಿಗೂ ಸಮನಾಗಿ ಕೇಳುತ್ತದೆ, ಮಲಗಿದ ಕಡ್ಡಿ ತನ್ನ ಎರಡು ತುದಿಗಳ ಕಡೆಗೆ ಕಿವುಡು.

5 ಗಿಗಾಹರ್ಟ್ಸ್‌ಗೆ ಬಂದರೆ ಈ ವಾದ ಬಿದ್ದುಹೋಗುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಹೌದು, ತೋಟದೊಳಗೆ ಬೀಳುತ್ತದೆ. ಅಲ್ಲಿ ಅಲೆಯುದ್ದ ಕೇವಲ 5 ಸೆಂಟಿಮೀಟರ್. ಅದಕ್ಕಿಂತ ಎಷ್ಟೋ ದಪ್ಪಗಿನ ಕಾಂಡ ಯಾವ ಓರೆಯ ಅಲೆಗೂ ಗೋಡೆಯೇ. ಮೇಲಾಗಿ ಗಾಳಿಗೆ ತೂಗುವ ಗರಿಗಳು ಅಲೆಯನ್ನು ಚದುರಿಸುವಾಗ ಅದರ ಓರೆಯನ್ನೂ ಕಲಸಿಹಾಕುತ್ತವೆ, ಎರಡರ ನಡುವಿನ ಅಂತರ ಕರಗುತ್ತದೆ. ತೋಟದ ನೆತ್ತಿ ದಾಟಿ ಕಂಬಕ್ಕೆ ಕಂಬ ಕಾಣುವ ದಾರಿಯಲ್ಲಿ ಮಾತ್ರ ಆ ಅಂತರ ನಂಬಿಕೆಗೆ ಯೋಗ್ಯ. ಗದ್ದಲ ಹೆಚ್ಚುವುದೂ ಅಲ್ಲೇ ಎಂಬುದನ್ನು ಮರೆಯಬಾರದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಈಗಿನ ರೇಡಿಯೊಗಳು ವೇಗ ಇಮ್ಮಡಿಸಲು ಎರಡೂ ಓರೆಗಳನ್ನು ಒಟ್ಟಿಗೆ ಬಳಸುತ್ತವೆ, ಹಾಗಿರುವಾಗ ಆಯ್ಕೆ ಎಲ್ಲಿ ಉಳಿಯಿತು? ನಿಜ, ಈ ಗಂಟನ್ನು ಒಮ್ಮೆ ಮಾತ್ರ ಖರ್ಚು ಮಾಡಬಹುದು, ವೇಗಕ್ಕೆ ಇಲ್ಲವೇ ನೆರೆಯ ಗದ್ದಲ ತಡೆಯುವುದಕ್ಕೆ. ಖಾಲಿ ಚಾನೆಲ್ ಸಿಗುವಲ್ಲಿ ವೇಗಕ್ಕೇ ಬಳಸಲಿ. ಸಿಗದಿದ್ದಲ್ಲಿ ಕಡತ ಅರ್ಧಕ್ಕೇ ನಿಲ್ಲುವ ಇಮ್ಮಡಿ ವೇಗಕ್ಕಿಂತ ಎಡೆಬಿಡದ ಒಂದು ಪಟ್ಟು ವೇಗ ಲೇಸು.

ಹಾಗೆಂದು ಅಡ್ಡ ಧ್ರುವೀಕರಣವೇ ಎಲ್ಲಕ್ಕೂ ಮದ್ದೆಂದು ಹಿಡಿದರೆ ಮಳೆ ಬುದ್ಧಿ ಕಲಿಸುತ್ತದೆ. ಬೀಳುವ ದೊಡ್ಡ ಹನಿ ಇಡ್ಲಿಯಂತೆ ಅಗಲಕ್ಕೆ ಚಪ್ಪಟೆಯಾಗುತ್ತದೆ, ಅಡ್ಡ ಅಲೆಯನ್ನು ಹೆಚ್ಚು ನುಂಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಇದು ಲೆಕ್ಕಕ್ಕಿಲ್ಲ. 10 ಗಿಗಾಹರ್ಟ್ಸ್ ಮೇಲೆ ಟವರಿಂದ ಟವರಿಗೆ ಹಾಯುವ ಮೈಕ್ರೋವೇವ್ ಕೊಂಡಿಗಳಲ್ಲಿ ಇದು ದೊಡ್ಡ ಲೆಕ್ಕವೇ. ದೂರದ ಕೊಂಡಿಗೆ ಅಲ್ಲಿ ಲಂಬ ಅಲೆಯೇ ವಾಸಿ. ಮೊಬೈಲ್ ಟವರಿನವರದು ಮೂರನೆಯ ದಾರಿ. ಫೋನನ್ನು ಯಾರು ಹೇಗೆ ಹಿಡಿಯುತ್ತಾರೋ ತಿಳಿಯದು, ಅದಕ್ಕೇ ಅವರ ಫಲಕದೊಳಗೆ ಎಡಕ್ಕೆ 45, ಬಲಕ್ಕೆ 45 ಡಿಗ್ರಿ ವಾಲಿದ ಜೋಡಿ ಆಂಟೆನಾಗಳಿರುತ್ತವೆ. ಕೊಳವೆಬಾವಿಯ ಮೊಬೈಲ್ ಸ್ಟಾರ್ಟರಿನ ಪುಟ್ಟ ಆಂಟೆನಾವನ್ನು ನಿಲ್ಲಿಸಿದರೂ ಮಲಗಿಸಿದರೂ ಹೆಚ್ಚು ವ್ಯತ್ಯಾಸವಾಗದು, ಕಬ್ಬಿಣದ ಪೆಟ್ಟಿಗೆಯ ಹೊರಗಿದ್ದರೆ ಸಾಕು.

ಉಳಿದದ್ದು ನೆರೆಹೊರೆಯ ಪ್ರಶ್ನೆ. ಎಲ್ಲರೂ ಆಂಟೆನಾ ಮಲಗಿಸಿಬಿಟ್ಟರೆ ಯಾರಿಗೂ ಲಾಭವಿಲ್ಲ. ತಿಪಟೂರಿನ ಒಂದೇ ಕಂಬದಿಂದ ಈಶಾನ್ಯಕ್ಕೆ ಚಿಕ್ಕನಾಯಕನಹಳ್ಳಿಯ ಕಡೆಗೊಂದು, ಆಗ್ನೇಯಕ್ಕೆ ತುರುವೇಕೆರೆಯ ಕಡೆಗೊಂದು ಕೊಂಡಿ ಹೊರಟಿದೆ ಎಂದುಕೊಳ್ಳಿ. ಯಾವ ಡಿಶ್ ಕೂಡ ಮುಂದಕ್ಕಷ್ಟೇ ನೋಡುವುದಿಲ್ಲ, ಪಕ್ಕಕ್ಕೂ ಹಿಂದಕ್ಕೂ ಸ್ವಲ್ಪ ಸೋರುತ್ತದೆ. ಒಂದನ್ನು ಲಂಬಕ್ಕೂ ಇನ್ನೊಂದನ್ನು ಅಡ್ಡಕ್ಕೂ ಕಟ್ಟಿದರೆ ಆ ಸೋರಿಕೆ ಒಂದರಿಂದೊಂದಕ್ಕೆ ಮುಟ್ಟುವುದು ತಗ್ಗುತ್ತದೆ. ಆದರೆ ಅದೇ ಊರಿನ ಇನ್ನೊಂದು ಮಾಳಿಗೆಯ ಮೇಲೆ ಬೇರೆಯವರ ಮೂರನೆಯ ಡಿಶ್ ಬಂದಾಗ ಅದು ಯಾವ ಓರೆ ಹಿಡಿಯಬೇಕೆಂಬುದನ್ನು ಯಾವ ಯಂತ್ರವೂ ಹೇಳದು. ಹಾಕುವವರು ಮಾಳಿಗೆ ಹತ್ತಿ, ಮೊದಲೇ ಇರುವ ಎರಡು ಡಿಶ್‌ಗಳ ಮೂತಿ ಯಾವ ಓರೆಯಲ್ಲಿದೆ ಎಂದು ನೋಡಿ, ಅವುಗಳ ಒಡೆಯರ ಜೊತೆ ಮಾತಾಡಿಕೊಂಡೇ ಬೋಲ್ಟ್ ಬಿಗಿಯಬೇಕು.