‘ತಡವಾಗಿ ಮಾತಾಡ್ತಾನ ಬಿಡ್ರಿ’ ಎನ್ನುವ ಮೊದಲು



ಶಹಾಪುರ, ವಡಗಾವಿಯ ಓಣಿಗಳಲ್ಲಿ ಓಡಾಡಿದವರಿಗೆ ಮಗ್ಗದ ಸದ್ದು ಹೊಸದಲ್ಲ. ವಿದ್ಯುತ್ ಮಗ್ಗ ಓಡುತ್ತಿರುವ ಮನೆಯಲ್ಲಿ ದೊಡ್ಡವರೂ ಕೂಗಿಯೇ ಮಾತನಾಡಬೇಕು. ಅಂಥ ಮನೆಯ ಪುಟ್ಟ ಮಗು ಕರೆದಾಗ ತಿರುಗದಿದ್ದರೆ, ‘ಈ ಗದ್ದಲದಾಗ ಹೆಂಗ ಕೇಳತೈತಿ’ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಬಾಗಿಲು ಬಡಿದರೆ ಬೆಚ್ಚುತ್ತದಲ್ಲ, ಕಿವಿ ಸರಿಯಿದೆ ಎಂದೂ ಹೇಳುತ್ತೇವೆ. ಆದರೆ ಕೇಳದ ಮಗುವಿಗೂ ನೆಲದ ಅದುರು ತಿಳಿಯುತ್ತದೆ! ಮಗ್ಗ, ಟಿ.ವಿ. ಎಲ್ಲ ನಿಂತ ಹೊತ್ತಿನಲ್ಲಿ, ಮಗುವಿಗೆ ಕಾಣದಂತೆ ಹಿಂದೆ ನಿಂತು, ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೂ ಸಂಶಯ ಬಂದರೆ ಮರುದಿನವೇ ಹೊರಡಲು ಅಷ್ಟು ಸಾಕು.

ಅವಸರವೇಕೆ ಎಂದು ಕೇಳುವಿರಾ? ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರು ಒಪ್ಪಿದ ಲೆಕ್ಕ. ಮಾತಿಗೆ ಬೇಕಾದ ಮಿದುಳಿನ ಹಾದಿಗಳು ಮೊದಲ ಕೆಲವು ವರ್ಷಗಳಲ್ಲಿ ಬೇಗ ಬೆಳೆಯುತ್ತವೆ. ಆಗ ಶಬ್ದ ಒಳಹೋಗದಿದ್ದರೆ ಮುಂದೆ ಎಷ್ಟೇ ಒಳ್ಳೆಯ ಯಂತ್ರ ಕೂರಿಸಿದರೂ ಫಲ ಕಡಿಮೆ. ಕಾಕ್ಲಿಯರ್ ಇಂಪ್ಲಾಂಟ್ ಉಚಿತವಾಗಿ ಮಾಡಿಸುವ ರಾಜ್ಯದ ‘ಶ್ರವಣ ಸಂಜೀವಿನಿ’ ಯೋಜನೆಯನ್ನು ಆರು ವರ್ಷದೊಳಗಿನ ಮಕ್ಕಳಿಗೆಂದೇ ರೂಪಿಸಿರುವುದೂ ಇದೇ ಕಾರಣಕ್ಕೆ.

ಕಿವಿಯೊಂದೇ ಅಲ್ಲ. ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದ, ಹದಿನೆಂಟು ತಿಂಗಳಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವನ್ನು ತೋರಿಸಲೇಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವ ಮಗುವನ್ನು ‘ಎಡಚ’ ಎಂದು ಮುದ್ದಿನಿಂದ ಕರೆಯುತ್ತೇವೆ. ಇನ್ನೊಂದು ಕೈ ಬಲಹೀನವಾಗಿರಬಹುದು ಎಂಬ ಸಂಶಯ ನಮಗೆ ಬರುವುದಿಲ್ಲ. ಕಲಿತಿದ್ದ ಮಾತನ್ನು ಮಗು ಮರೆತರೆ, ಕಣ್ಣಿಗೆ ಕಣ್ಣು ಕೊಡುವುದನ್ನು ಬಿಟ್ಟರೆ, ಅದು ಯಾವ ವಯಸ್ಸಿನಲ್ಲೇ ಆಗಲಿ, ಒಂದು ದಿನವೂ ಕಾಯಬಾರದು. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿದ್ದ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡ ಮಕ್ಕಳನ್ನು ಚೆನ್ನಾಗಿ ಕಂಡರೂ ಆಗಾಗ ತೋರಿಸುತ್ತಿರಬೇಕು.

ಇನ್ನು ನಮ್ಮ ಗಡಿನಾಡಿನ ವಿಶೇಷವೊಂದಿದೆ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಮರಾಠಿ, ಪೂಜೆಯಲ್ಲಿ ಕನ್ನಡ, ನರ್ಸರಿಯಲ್ಲಿ ಇಂಗ್ಲಿಷ್! ಮಗು ಮಾತನಾಡದಿದ್ದರೆ ಎಲ್ಲರ ಬೆರಳೂ ಭಾಷೆಗಳತ್ತ ತಿರುಗುತ್ತದೆ. ‘ಮನೆ ಭಾಷೆ ಬಿಡ್ರಿ, ಇಂಗ್ಲಿಷ್ ಒಂದೇ ಆಡ್ರಿ’ ಎಂದು ಸಲಹೆ ಕೊಡುವವರು ಕಡಿಮೆಯೇನಿಲ್ಲ. ಇದು ತಪ್ಪು. ಹಲವು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮೂರು ಭಾಷೆಯ ಮಗುವಿನ ಪದಗಳನ್ನು ಎಣಿಸುವಾಗ ಮೂರನ್ನೂ ಕೂಡಿಸಿ ಎಣಿಸಬೇಕು. ಹಾಗೆ ಎಣಿಸಿದರೂ ಕೊರತೆ ಕಂಡರೆ ಅದು ನಿಜವಾದ ಕೊರತೆ. ಭಾಷೆಗಳ ಮೇಲೆ ಹೊರಿಸಿ ಕಾಯುವಂತಿಲ್ಲ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ತಂದರೆ, ದಿನವಿಡೀ ಮಗುವಿನೊಡನೆ ಹರಟುವ ಒಂದೇ ಜೀವವೂ ಮೌನವಾಗುತ್ತದೆ ಅಷ್ಟೆ.

ಎಲ್ಲಿಗೆ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ಅವರು ನೋಡುತ್ತಾರೆ. ಹೆಚ್ಚಿನ ನೆರವು ಬೇಕಾದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸುವುದು ಕ್ರಮ; ಜನರ ಬಾಯಲ್ಲಿ ಅದು ಡಿಇಐಸಿ. ಮಕ್ಕಳ ವೈದ್ಯರು, ವಾಕ್ ಮತ್ತು ಶ್ರವಣ ತಜ್ಞರು, ಫಿಸಿಯೋಥೆರಪಿಯವರು ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ಇಲ್ಲಿ ನಮ್ಮ ಕುಟುಂಬಗಳು ಒಂದು ಮಾತು ಗಮನಿಸಬೇಕು. ಈ ತಂಡಗಳು ಹೋಗುವುದು ಅಂಗನವಾಡಿಗಳಿಗೆ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ನಾವೋ ಸಾಲ ಮಾಡಿಯಾದರೂ ಮಗುವನ್ನು ಖಾಸಗಿ ನರ್ಸರಿಗೆ ಸೇರಿಸುವವರು! ಅಂಥ ಮಗು ತಪಾಸಣೆಯ ಪಟ್ಟಿಯಲ್ಲೇ ಇರುವುದಿಲ್ಲ. ಓಣಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕಂಡು ತಂಡ ಬರುವ ದಿನ ಕೇಳಿಕೊಳ್ಳಿ. ಇಲ್ಲವೇ ನೇರವಾಗಿ ಜಿಲ್ಲಾಸ್ಪತ್ರೆಗೆ ಹೋಗಿ. ಅಂಗನವಾಡಿಯವರಿಗೂ ಈಗ ಮಾರ್ಗಸೂಚಿ ಇದೆ: ದಿವ್ಯಾಂಗ ಮಕ್ಕಳನ್ನು ಗುರುತಿಸಿ ತಮ್ಮಲ್ಲೇ ಸೇರಿಸಿಕೊಳ್ಳುವ ಬಗೆಯನ್ನು ಕೇಂದ್ರ ಸರಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿತು.

ಖಾನಾಪುರದ ಕಾಡಂಚಿನವರ ಕಷ್ಟ ಬೇರೆ. ಕಣಕುಂಬಿ, ಜಾಂಬೋಟಿಯ ಕಡೆಯಿಂದ ಮಳೆಗಾಲದಲ್ಲಿ ಮಗುವನ್ನೆತ್ತಿಕೊಂಡು ಬೆಳಗಾವಿಗೆ ಬಂದು ಹೋಗುವುದೆಂದರೆ ತಾಯಿಗೆ ಒಂದು ದಿನದ ಕೂಲಿ ಹೋದಂತೆ. ವಾರಕ್ಕೆರಡು ಸಲ ಬನ್ನಿ ಎಂದರೆ ಯಾರಿಂದಾದೀತು? ಆದ್ದರಿಂದ ತಜ್ಞರಲ್ಲಿ ಮೊದಲ ದಿನವೇ ಕೇಳಿ: ‘ಮನೆಯಲ್ಲಿ ನಾವೇನು ಮಾಡಬೇಕು? ಮಾಡಿ ತೋರಿಸಿರಿ.’ ಇದು ಬಡವರಿಗೆಂದು ಮಾಡಿಕೊಂಡ ಅಡ್ಡದಾರಿಯಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿಯೂ ತಾಯಂದಿರಿಗೆ ತರಬೇತಿ ಉಂಟು. ಅದೇ ಊರಿನಲ್ಲಿ ಕಿವುಡು ಮಕ್ಕಳ ಪಾಲಕರೇ ಕೂಡಿ ನಡೆಸಿದ ಶಾಲೆಯೊಂದರಲ್ಲಿ ತಾಯಿ ಮಗುವಿನ ಜೊತೆ ತರಗತಿಯಲ್ಲೇ ಕೂತು ಕಲಿಯುತ್ತಾಳೆ. ವಾರದಲ್ಲಿ ಒಂದು ತಾಸು ಸಿಗುವ ತಜ್ಞರಿಗಿಂತ ರೊಟ್ಟಿ ಬಡಿಯುತ್ತ, ಸ್ನಾನ ಮಾಡಿಸುತ್ತ ಅದೇ ಪದವನ್ನು ಇಪ್ಪತ್ತು ಸಲ ಹೇಳುವ ತಾಯಿಯ ಕೈ ದೊಡ್ಡದು. ತಂದೆಯ ಕೈಯೂ ಹೌದು, ಅವರು ಮನೆಯಲ್ಲಿದ್ದಾಗ!

ಹಲವರು ಹಿಂಜರಿಯುವುದು ಪ್ರಮಾಣಪತ್ರದ ಭಯಕ್ಕೆ. ‘ಕಾಗದದ ಮೇಲೆ ಬರೆದರೆ ಅಳಿಸಲಾಗದು, ನಾಳೆ ಅಕ್ಕನ ಮದುವೆಗೂ ತೊಡಕು’ ಎಂದು ಪಿಸುಗುಟ್ಟುವುದನ್ನು ನಾವೇ ಕೇಳಿದ್ದೇವೆ. ತಪಾಸಣೆ ಮಾಡಿಸಲು ಯಾವ ಪ್ರಮಾಣಪತ್ರವೂ ಬೇಡ. ಪ್ರಮಾಣಪತ್ರ ಮಾಡಿಸಿದರೂ, ಎಳೆಯ ಮಕ್ಕಳ ಬುದ್ಧಿ ಬೆಳವಣಿಗೆಯ ವಿಷಯದಲ್ಲಿ ಅದನ್ನು ತಾತ್ಕಾಲಿಕವಾಗಿಯೇ ಕೊಟ್ಟು, ಮುಂದೆ ಮರುಪರೀಕ್ಷೆ ಮಾಡುತ್ತಾರೆ. ಇನ್ನೊಂದು ಕಡೆ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ, ಶೇ. 40 ಹಾಗೂ ಮೇಲ್ಪಟ್ಟ ನ್ಯೂನತೆಯ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿದೆ. ಆರರಿಂದ, ಗಮನಿಸಿ! ಕಲಿಕೆಗೆ ಅತಿ ಮುಖ್ಯವಾದ ಮೊದಲ ಆರು ವರ್ಷಗಳಿಗೆ ಅಷ್ಟು ಗಟ್ಟಿಯಾದ ಹಕ್ಕಿಲ್ಲ. ಆ ಅವಧಿಯಲ್ಲಿ ಮಗು ಮನೆಯವರ ಎಚ್ಚರದ ಮೇಲೆಯೇ ನಿಂತಿದೆ.

ದೀಕ್ಷಾಸ್ನಾನಕ್ಕೆ ಊರೆಲ್ಲ ಕರೆದು ಊಟ ಹಾಕಿದ ಮಗುವನ್ನು ಮೂರು ವರ್ಷವಾದ ಮೇಲೆ ಪೂಜೆಗೂ ಕರೆತರದ ಮನೆಗಳನ್ನು ಬಲ್ಲೆವು. ಕೂಗಾಡುತ್ತದೆ, ಜನ ತಿರುಗಿ ನೋಡುತ್ತಾರೆ ಎಂಬ ಸಂಕೋಚ. ಜನ ತಿರುಗಿ ನೋಡುವುದೂ ನಿಜ. ಮುಂದಿನ ಸಲ ಅಂಥ ತಾಯಿ ಹಿಂದಿನ ಬೆಂಚಿನಲ್ಲಿ ಕಂಡರೆ ‘ಏನಾಗಿದೆ ಮಗುವಿಗೆ’ ಎಂದು ಕೇಳದೆ, ಪಕ್ಕದಲ್ಲಿ ಕೂತು ಚೀಲ ಹಿಡಿದುಕೊಳ್ಳಿ. ಪೂಜೆ ಮುಗಿದ ಮೇಲೆ, ಅವರಿಗೆ ಬೇಕೆನಿಸಿದರೆ, ಜಿಲ್ಲಾಸ್ಪತ್ರೆಗೆ ಜೊತೆಗೆ ಬರುತ್ತೇನೆಂದು ಹೇಳಿ. ಹೊರಡುವಾಗ ಹೆರಿಗೆಯ ಕಾಗದ, ತಾಯಿ ಕಾರ್ಡು, ಲಸಿಕೆಯ ಪುಸ್ತಕ ಮರೆಯಬೇಡಿ. ಮಗು ಮನೆಯಲ್ಲಿ ಆಡುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರಿಸಿಕೊಳ್ಳಿ. ಹೊಸ ಜಾಗದಲ್ಲಿ ಮಗು ಅತ್ತು ಏನನ್ನೂ ಮಾಡಿ ತೋರಿಸದಿದ್ದರೆ ವೈದ್ಯರಿಗೆ ಅದನ್ನೇ ತೋರಿಸಬಹುದು.