ಮಾತಿಲ್ಲದ ರೋಗಿಯ ಪರವಾಗಿ

ಹಾಸಿಗೆ ಹಿಡಿದವರಿಗೆ ಹಾಸಿಗೆಯೇ ಶತ್ರುವಾಗುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದ ದೇಹದ ಭಾರವೆಲ್ಲ ಎಲುಬು ಉಬ್ಬಿದೆಡೆಯ ಚರ್ಮದ ಮೇಲೆ ಬಿದ್ದು, ರಕ್ತಸಂಚಾರ ತಡೆದು, ಹುಣ್ಣು ಕಾಣಿಸಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ದಾದಿಯರು ಕಲಿಯುವ ಮೊದಲ ಪಾಠಗಳಲ್ಲೊಂದು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಒಬ್ಬಾಕೆಯ ವಿಷಯದಲ್ಲಿ ಈ ಪಾಠವನ್ನು ೪೧ ವರ್ಷಗಳಿಗೂ ಮಿಕ್ಕಿ ಪಾಲಿಸಿದರು.

ಆಕೆಯೂ ಅಲ್ಲಿಯ ದಾದಿಯೇ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ. ೧೯೭೩ರ ನವೆಂಬರ್ ೨೭ರಂದು ಅದೇ ಆಸ್ಪತ್ರೆಯ ನೌಕರನೊಬ್ಬನು ನಾಯಿಯ ಸರಪಣಿಯಿಂದ ಆಕೆಯ ಕೊರಳು ಬಿಗಿದು ಅತ್ಯಾಚಾರವೆಸಗಿದನು. ಪ್ರಾಣ ಉಳಿಯಿತು, ದೃಷ್ಟಿಯೂ ಮಾತೂ ಮರಳಲಿಲ್ಲ. ಆಗ ಆಕೆಗೆ ೨೫ ವರ್ಷ. ಅಪರಾಧಿಗೆ ಕೊಲೆಯತ್ನ ಮತ್ತು ಸುಲಿಗೆಗಾಗಿ ಶಿಕ್ಷೆಯಾಯಿತೇ ಹೊರತು ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ. ದಾದಿಯರನ್ನು ಕರುಣಾಮಯಿಗಳೆಂದು ಹೊಗಳುವ ಸಮಾಜಕ್ಕೆ ಅವರ ರಕ್ಷಣೆಯ ನೆನಪಾಗಬೇಕಾದರೆ ಅವರೇ ಮುಷ್ಕರ ಹೂಡಬೇಕಾಯಿತು.

ಅಂತರರಾಷ್ಟ್ರೀಯ ದಾದಿಯರ ಮಂಡಳಿಯು ತನ್ನ ನೀತಿಸಂಹಿತೆಯನ್ನು ತಿದ್ದಿದ್ದೂ ಅದೇ ೧೯೭೩ರಲ್ಲಿ. ವೈದ್ಯನ ಆಜ್ಞೆಯನ್ನು ನಿಷ್ಠೆಯಿಂದ ನೆರವೇರಿಸುವುದು ಕರ್ತವ್ಯವೆಂದು ೧೯೫೩ರ ಸಂಹಿತೆ ಹೇಳಿತ್ತು; ಶುಶ್ರೂಷೆ ಬೇಕಾದವರಿಗೇ ದಾದಿಯು ಮೊದಲು ಹೊಣೆಯೆಂದು ಹೊಸದು ಹೇಳಿತು. ಉದಾತ್ತವಾದ ಮಾತು. ಆದರೆ ತನಗೇನು ಬೇಕೆಂದು ರೋಗಿಯೇ ಹೇಳಲಾರದಾಗ?

ಕೆ.ಇ.ಎಂ. ದಾದಿಯರು ಇದಕ್ಕೆ ಕೈಯಿಂದಲೇ ಉತ್ತರ ಕೊಟ್ಟರು. ಮೀಯಿಸಿದರು, ಮಗ್ಗುಲು ಬದಲಿಸಿದರು, ಅನ್ನವನ್ನು ಮೆದುಮಾಡಿ ಉಣಿಸಿದರು. ಕರಾವಳಿಯ ಹೆಣ್ಣುಮಗಳಲ್ಲವೇ, ಮೀನಿನ ಊಟವೆಂದರೆ ಆಕೆಯ ಮುಖ ಅರಳುತ್ತದೆ ಎನ್ನುತ್ತಿದ್ದರು. ೧೯೮೦ರ ದಶಕದಲ್ಲಿ ಹಾಸಿಗೆ ತೆರವಾಗಲೆಂದು ನಗರಪಾಲಿಕೆಯು ಆಕೆಯನ್ನು ಬೇರೆಡೆಗೆ ಸಾಗಿಸಲು ಹೊರಟಾಗ ಪ್ರತಿಭಟಿಸಿ ತಡೆದರು. ಹಳಬರು ನಿವೃತ್ತರಾದರು, ಆಕೆ ಎದ್ದು ನಡೆದುದನ್ನು ಒಮ್ಮೆಯೂ ಕಾಣದ ಹೊಸಬರು ಅದೇ ಕೆಲಸವನ್ನು ಮುಂದುವರಿಸಿದರು.

ಆಕೆಯ ಕಥೆಯನ್ನು ಪುಸ್ತಕವಾಗಿ ಬರೆದ ಪತ್ರಕರ್ತೆ ಪಿಂಕಿ ವಿರಾನಿಯವರಿಗೆ ಈ ಬದುಕು ಬೇರೆಯಾಗಿಯೇ ಕಂಡಿತು. ಆಹಾರವನ್ನು ನಿಲ್ಲಿಸಿ ಆಕೆಗೆ ಶಾಂತಿಯಿಂದ ಸಾಯಲು ಅವಕಾಶ ಕೊಡಬೇಕೆಂದು ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇದನ್ನು ನಿರ್ದಯವೆನ್ನುವುದು ಅನ್ಯಾಯ. ಉಣಿಸುವವರ ಪ್ರೀತಿಯೇ ಉಣ್ಣುವವಳ ಇಚ್ಛೆಯೂ ಹೌದೇ ಎಂಬ ಅವರ ಪ್ರಶ್ನೆಯನ್ನು ದಾದಿಯರ ಸೇವೆ, ಅದೆಷ್ಟೇ ದೊಡ್ಡದಾದರೂ, ಅಳಿಸಲಾರದು.

೨೦೧೧ರ ಮಾರ್ಚ್ ೭ರಂದು ತೀರ್ಪು ಬಂತು. ಅರುಣಾಳ ಪರವಾಗಿ ಮಾತಾಡುವ ಆಪ್ತರು ವಿರಾನಿಯವರಲ್ಲ, ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಎಂದು ನ್ಯಾಯಾಲಯವು ನಿರ್ಣಯಿಸಿತು. ಅಷ್ಟು ವರ್ಷಗಳಲ್ಲಿ ಆಕೆಯ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲವೆಂಬುದನ್ನು ತೀರ್ಪು ದಾಖಲಿಸಿತು. ಅದೇ ತೀರ್ಪು ಇತರ ರೋಗಿಗಳ ವಿಷಯದಲ್ಲಿ, ಉಚ್ಚ ನ್ಯಾಯಾಲಯದ ಒಪ್ಪಿಗೆಯಿದ್ದರೆ, ಜೀವಾಧಾರದ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದಿತು. ಹೀಗೆ ಸೋತ ಅರ್ಜಿಯೇ ಹೊಸ ದಾರಿ ತೆರೆಯಿತು. ಆ ದಿನ ದಾದಿಯರು ಆಸ್ಪತ್ರೆಯಲ್ಲಿ ಸಿಹಿ ಹಂಚಿದರು.

ಗುಣವಾಗದ ಸ್ಥಿತಿ ಬಂದರೆ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸಂವಿಧಾನ ಪೀಠವು ಎತ್ತಿಹಿಡಿದದ್ದು ೨೦೧೮ರ ಮಾರ್ಚಿಯಲ್ಲಿ. ಅಷ್ಟರಲ್ಲಿ ಅರುಣಾ ಇರಲಿಲ್ಲ. ೨೦೧೫ರ ಮೇ ೧೮ರಂದು ನ್ಯುಮೋನಿಯದಿಂದ, ಅದೇ ಆಸ್ಪತ್ರೆಯಲ್ಲಿ, ತೀರಿಕೊಂಡಿದ್ದಳು.