ಕಣ್ಣಿನ ತಳಕ್ಕೆ ಜಾರಿದ ಮಸೂರ

"ಲೆನ್ಸ್ ಒಳಗ ಬಿದ್ದೈತಿ, ಹುಬ್ಬಳ್ಳಿಗೆ ಹೋಗ್ರಿ." ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಸಿಕೊಳ್ಳಲು ಹೋದ ಅಮ್ಮಿನಬಾವಿಯ ಅಜ್ಜನಿಗೆ ಡಾಕ್ಟರು ಹೀಗೆಂದರೆ ಮನೆಮಂದಿ ಕಂಗಾಲಾಗುವುದು ಸಹಜ. ಬಿದ್ದದ್ದಾದರೂ ಎಲ್ಲಿಗೆ?

ಮಸೂರ ಇರುವುದು ತೆಳುವಾದ ಒಂದು ಚೀಲದೊಳಗೆ. ಆ ಚೀಲವನ್ನು ಸುತ್ತಲಿನ ಸೂಕ್ಷ್ಮ ಎಳೆಗಳು ಹಿಡಿದಿರುತ್ತವೆ. ಆಪರೇಶನ್ನಿನಲ್ಲಿ ಅದರ ಮಬ್ಬಾದ ತಿರುಳನ್ನು ಪುಡಿಮಾಡಿ ಹೀರಿ, ಅದೇ ಚೀಲದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ. ಚೀಲದ ಹಿಂಗೋಡೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 4 ಪಾಲು ಮಾತ್ರ. ಅದು ಹರಿದರೆ, ಇಲ್ಲವೆ ಪೆಟ್ಟಿನಿಂದಲೋ ವಯಸ್ಸಿನಿಂದಲೋ ಎಳೆಗಳು ಸಡಿಲಾದರೆ, ತಿರುಳಿನ ಚೂರು ಅಥವಾ ಇಡೀ ಲೆನ್ಸ್ ಹಿಂದಿನ ಲೋಳೆಯಲ್ಲಿ ಮುಳುಗಿ ಅಕ್ಷಿಪಟಲದ (ರೆಟಿನಾ) ಮೇಲೆ ಕೂರುತ್ತದೆ.

ಸೋಜಿಗವೆಂದರೆ, ಹಿಂದೆ ಇದೇ ಚಿಕಿತ್ಸೆಯಾಗಿತ್ತು! ಸೂಜಿಯಿಂದ ಮಸೂರವನ್ನು ಹಿಂದಕ್ಕೆ ತಳ್ಳಿ ಬೆಳಕಿಗೆ ದಾರಿ ಬಿಡಿಸುತ್ತಿದ್ದರು. ಕೆಲವರಿಗೆ ಕಾಣುತ್ತಿತ್ತು, ಎಷ್ಟೋ ಜನರ ಕಣ್ಣು ಆಮೇಲೆ ಉರಿಯೂತದಿಂದ, ಒತ್ತಡದಿಂದ ಹಾಳಾಗುತ್ತಿತ್ತು. ಮಸೂರವನ್ನು ಹೊರತೆಗೆಯುವ ಪದ್ಧತಿಗೆ ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ದಾರಿ ಹಾಕಿದ. ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ (1916–2005) ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆದ ಕಾಲಕ್ಕೆ ರೋಗಿಗಳಿಗೆ ಸಿಗುತ್ತಿದ್ದುದು ದಪ್ಪ ಕನ್ನಡಕ. ಒಳಗೆ ಲೆನ್ಸ್ ಇಡುವ ರೂಢಿ ಹಬ್ಬಿದ್ದು ಆಮೇಲೆ.

ಬಿದ್ದ ಲೆನ್ಸನ್ನು ಮುಂದಿನಿಂದಲೇ ಕೈಹಾಕಿ ಹುಡುಕಬಾರದು. ಕಣ್ಣಿನ ಲೋಳೆ ಮೊಟ್ಟೆಯ ಬಿಳಿಯಂತೆ ಅಂಟಂಟು. ಅದನ್ನು ಎಳೆದರೆ ಅಂಟಿಕೊಂಡ ಅಕ್ಷಿಪಟಲವೂ ಹರಿಯಬಹುದು. ಅಲ್ಲಿಗೇ ನಿಲ್ಲಿಸಿ ರೋಗಿಯನ್ನು ರೆಟಿನಾ ತಜ್ಞರಲ್ಲಿಗೆ ಕಳಿಸುವ ಡಾಕ್ಟರೇ ಜಾಣರು ಎಂಬುದು ನನ್ನ ಎಣಿಕೆ.

ಕಣ್ಣಿನ ವೈದ್ಯ ರಾಬರ್ಟ್ ಮಾಖೆಮರ್ 1970ರ ಸುಮಾರಿಗೆ ರೂಪಿಸಿದ ವಿಟ್ರೆಕ್ಟಮಿ, ಅಂದರೆ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆಯೇ, ಇಲ್ಲಿಯ ಉಪಾಯ. ಕಪ್ಪುಗುಡ್ಡೆಯ ಅಂಚಿನಿಂದ 3.5–4 ಮಿಲಿಮೀಟರ್ ಹಿಂದೆ, ಅಕ್ಷಿಪಟಲವಿಲ್ಲದ ಪಟ್ಟಿಯಲ್ಲಿ ಮೂರು ಸಣ್ಣ ರಂಧ್ರ: ಒಂದು ಸಲೈನಿಗೆ, ಒಂದು ಬೆಳಕಿಗೆ, ಒಂದು ಕತ್ತರಿಸಿ ಹೀರುವ ಉಪಕರಣಕ್ಕೆ. ಮೊದಲು ಲೋಳೆಯನ್ನು ತೆಗೆಯಬೇಕು. ಬೇಕೆನಿಸಿದರೆ, ನೀರಿಗಿಂತ ಸುಮಾರು ಇಮ್ಮಡಿ ಭಾರದ ದ್ರವವನ್ನು ತಳಕ್ಕೆ ಬಿಡುತ್ತಾರೆ. ಅದು ಅಕ್ಷಿಪಟಲವನ್ನು ಕಾಯುತ್ತ ಲೆನ್ಸನ್ನು ಮೇಲಕ್ಕೆ ತೇಲಿಸುತ್ತದೆ. ಮೆತ್ತನೆಯ ತಿರುಳನ್ನು ಉಪಕರಣವೇ ಕತ್ತರಿಸಿ ಹೀರುತ್ತದೆ, ಗಟ್ಟಿಯದಕ್ಕೆ ಶ್ರವಣಾತೀತ ಕಂಪನ ಬೇಕು. ಕೃತಕ ಲೆನ್ಸಾದರೆ ಚಿಮಟದಿಂದ ಹಿಡಿದು ಎತ್ತುತ್ತಾರೆ. ಕೊನೆಗೆ ಆ ಭಾರದ ದ್ರವವನ್ನೂ ಹೊರತೆಗೆಯುತ್ತಾರೆ.

ಆಸರೆಯ ಚೀಲವೇ ಹೋಗಿದ್ದರೆ ಲೆನ್ಸನ್ನು ಕಣ್ಣಿನ ಬಿಳಿಗೋಡೆಗೆ ಹೊಲಿಯಬಹುದು, ಅಂಟಿಸಲೂಬಹುದು. ಅಂಟಿಸುವ ವಿಧಾನವನ್ನು ಚೆನ್ನೈನ ಡಾ. ಅಮರ್ ಅಗರ್ವಾಲ್ ಪ್ರಚುರಪಡಿಸಿದರು.

ತಿರುಳಿನ ದೊಡ್ಡ ಚೂರು ಬಿದ್ದಿದ್ದರೆ ಒತ್ತಡ, ಉರಿಯೂತ ಏರುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತೆಗೆಸಬೇಕು. ಕೃತಕ ಲೆನ್ಸ್ ಅಷ್ಟು ಕಾಡುವುದಿಲ್ಲ. ಹುಬ್ಬಳ್ಳಿಯ ಬಸ್ಸು ಹತ್ತುವಾಗ ಮೊದಲ ಆಪರೇಶನ್ನಿನ ಕಾರ್ಡು ಚೀಲದಲ್ಲಿರಲಿ: ಲೆನ್ಸಿನ ಪವರು, ಮಾದರಿ ಅದರ ಮೇಲೆಯೇ ಅಂಟಿಸಿರುತ್ತಾರೆ, ಅಲ್ಲಿಯ ಡಾಕ್ಟರು ಮೊದಲು ಕೇಳುವುದು ಅದನ್ನೇ.